ಏಳು ತಂತಿಯ ಸ್ಟ್ರ್ಯಾಂಡ್: ಲೆಕ್ಕವೂ ಪರೀಕ್ಷೆಯೂ ತಾಳೆಯಾಗದಿದ್ದರೆ ತಪ್ಪು ಹುಡುಕುವುದು ಹೇಗೆ

ಕಂಪ್ಯೂಟರಿನಲ್ಲಿ ಸ್ಟ್ರ್ಯಾಂಡಿನ, ಅಂದರೆ ಉಕ್ಕಿನ ತಂತಿಗಳನ್ನು ಹೊಸೆದು ಮಾಡಿದ ಹುರಿಯ, ಮಾಡೆಲ್ ಕಟ್ಟಿದ್ದೀರಿ. ಎಳೆದು ನೋಡಿದ್ದೀರಿ. ಲ್ಯಾಬಿನ ಗ್ರಾಫ್ ಒಂದು ಕಡೆ ಹೋಗುತ್ತಿದೆ, ನಿಮ್ಮದು ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಘರ್ಷಣೆಯ ಸಂಖ್ಯೆಗೆ. 0.1 ಇದ್ದದ್ದನ್ನು 0.2 ಮಾಡುತ್ತಾರೆ, ಆಮೇಲೆ 0.3 ಮಾಡುತ್ತಾರೆ, ಗ್ರಾಫ್ ಅಲ್ಲಾಡುತ್ತದಾ ಅಂತ ಕಾಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟ್ರ್ಯಾಂಡನ್ನು ನೇರವಾಗಿ ಎಳೆಯುವಾಗ ಘರ್ಷಣೆಗೆ ಅಂಥ ಕೆಲಸವೇ ಇಲ್ಲ. ಆ ಸಂಖ್ಯೆ ಬದಲಿಸಿದಾಗ ನಿಮ್ಮ ಸ್ಟಿಫ್‌ನೆಸ್ (ಹಿಗ್ಗಿಸಲು ಎಷ್ಟು ಬಲ ಬೇಕು ಎಂಬ ಅಳತೆ) ಜಾಸ್ತಿ ಬದಲಾಗುತ್ತಿದ್ದರೆ, ತಪ್ಪು ಬೇರೆ ಕಡೆ ಇದೆ ಎಂದೇ ಅರ್ಥ.

ತಪ್ಪು ಎಲ್ಲಿದೆ ಅಂತ ಹೇಳುವುದು ಎಳೆತಕ್ಕಿಂತ ಟಾರ್ಕ್, ಅಂದರೆ ತಿರುಚುವ ಬಲ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಅದರ ಕಥೆ ಮುಂದೆ ಬರುತ್ತದೆ. ಎಳೆಯುವಾಗ ಸ್ಟ್ರ್ಯಾಂಡ್ ಎಷ್ಟು ಉದ್ದವಾಯಿತು ಎಂಬುದರ ಜೊತೆಗೆ, ಅದು ಬಿಚ್ಚಿಕೊಳ್ಳಲು ಎಷ್ಟು ಜೋರಾಗಿ ತಿರುಗಲು ನೋಡಿತು ಎಂಬುದನ್ನೂ ಅಳೆಯಿರಿ. ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕಾಂಕ್ರೀಟ್ ಸೇತುವೆ, ಫ್ಲೈಓವರ್ ಗರ್ಡರ್‌ಗಳಲ್ಲಿ ಹಾಕುವ 12.7 ಮಿ.ಮೀ. ಸ್ಟ್ರ್ಯಾಂಡ್. ನಡುವೆ ಒಂದು ತಂತಿ, ಅದರ ಸುತ್ತ ಹುರಿಯಾಗಿ ಆರು ತಂತಿ. ನಡುವಿನದು 4.30 ಮಿ.ಮೀ., ಹೊರಗಿನವು 4.20 ಮಿ.ಮೀ., ಒಂದು ಪೂರ್ತಿ ಸುತ್ತಿಗೆ ಅಂದರೆ ಒಂದು ಪಿಚ್‌ಗೆ 180 ಮಿ.ಮೀ. ಹೊರಗಿನ ತಂತಿಯ ನಡುಗೆರೆ ಸ್ಟ್ರ್ಯಾಂಡಿನ ನಡುಗೆರೆಯಿಂದ 4.25 ಮಿ.ಮೀ. ದೂರದಲ್ಲಿ ಸುತ್ತುತ್ತದೆ. ಈ ಲೆಕ್ಕದಲ್ಲಿ ಹುರಿಯ ಕೋನ 8.44 ಡಿಗ್ರಿ. ತಂತಿಯ ಉಕ್ಕಿಗೆ ಯಂಗ್ ಮಾಡ್ಯುಲಸ್ (ವಸ್ತು ಹಿಗ್ಗುವುದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 200 ಗಿಗಾಪ್ಯಾಸ್ಕಲ್ ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ತಂತಿಯದ್ದು ಬೇರೆ ಇದ್ದರೆ ಅದನ್ನೇ ಹಾಕಿ.

ಮೊದಲು ತೂಕ ಹಾಕಿ

ಪರೀಕ್ಷಾ ಯಂತ್ರದ ಹತ್ತಿರ ಹೋಗುವ ಮುಂಚೆ ಸ್ಟ್ರ್ಯಾಂಡಿನ ಒಂದು ಮೀಟರ್ ತುಂಡು ಕತ್ತರಿಸಿ ತಕ್ಕಡಿಯ ಮೇಲಿಡಿ. ಇಂಥ ಸ್ಟ್ರ್ಯಾಂಡಿನ ಭಾರತೀಯ ಮಾನಕವಾದ ಐಎಸ್ 14268ರ ಪ್ರಕಾರ 12.7 ಮಿ.ಮೀ.ನ ಎರಡನೇ ಕ್ಲಾಸ್ (ಹೆಚ್ಚು ಬಲದ ದರ್ಜೆ) ಸ್ಟ್ರ್ಯಾಂಡ್ ಮೀಟರಿಗೆ 0.775 ಕಿಲೋ ಇರಬೇಕು, ಅಡ್ಡ ಕತ್ತರಿಸಿದಲ್ಲಿ ವಿಸ್ತೀರ್ಣ 98.7 ಚದರ ಮಿ.ಮೀ. ಈಗ ನಿಮ್ಮ ಮಾಡೆಲ್‌ನ ಒಟ್ಟು ಘನ ಅಳತೆಯನ್ನು ಸಾಫ್ಟ್‌ವೇರಿನಿಂದ ಕೇಳಿ, ಉಕ್ಕಿನ ಸಾಂದ್ರತೆಯಾದ 7850ರಿಂದ (ಘನ ಮೀಟರಿಗೆ ಕಿಲೋ) ಗುಣಿಸಿ, ಒಂದು ಮೀಟರಿಗೆ ತನ್ನಿ. ಮೇಲಿನ ಅಳತೆಗಳಿಗೆ 774 ಗ್ರಾಂ ಬರಬೇಕು.

767 ಗ್ರಾಂ ಬಂತಾ? ಹಾಗಿದ್ದರೆ ಹೊರಗಿನ ತಂತಿಗಳ ಆಕಾರ ಬಿಡಿಸುವಾಗ ತಪ್ಪಾಗಿದೆ. ವೃತ್ತವನ್ನು ಸ್ಟ್ರ್ಯಾಂಡಿನ ಅಡ್ಡ ಸಮತಲದಲ್ಲಿ ಬರೆದು ಹಾಗೆಯೇ ಹುರಿಯ ದಾರಿಯಲ್ಲಿ ಎಳೆದಿದ್ದೀರಿ. ತಂತಿ ಓರೆಯಾಗಿ ಹೋಗುತ್ತದಲ್ಲ, ಅದನ್ನು ಸ್ಟ್ರ್ಯಾಂಡಿಗೆ ಅಡ್ಡಲಾಗಿ ಕತ್ತರಿಸಿದರೆ ವೃತ್ತವಲ್ಲ, ಸ್ವಲ್ಪ ಉದ್ದವಾದ ಮೊಟ್ಟೆಯಾಕಾರ ಕಾಣಬೇಕು. ವೃತ್ತವನ್ನು ತಂತಿಯ ದಾರಿಗೆ ಲಂಬವಾಗಿ ನಿಲ್ಲಿಸಿ ಎಳೆಯಿರಿ.

740 ಗ್ರಾಂ ಆಸುಪಾಸು ಬಂದರೆ ತಪ್ಪು ಮೆಶ್‌ನಲ್ಲಿದೆ, ಅಂದರೆ ಲೆಕ್ಕಕ್ಕಾಗಿ ಮಾಡೆಲನ್ನು ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದ ರೀತಿಯಲ್ಲಿ. ತಂತಿಯ ಸುತ್ತ ಬರೀ 12 ಭಾಗ ಮಾಡಿ ನೇರ ಅಂಚಿನ ಎಲಿಮೆಂಟ್ ಹಾಕಿದರೆ, ಅದು ವೃತ್ತವಲ್ಲ, ಹನ್ನೆರಡು ಮೂಲೆಯ ಆಕಾರ. ವಿಸ್ತೀರ್ಣದಲ್ಲಿ ಶೇ. 4.5 ಹೋಗಿಯೇಬಿಡುತ್ತದೆ. 24 ಭಾಗ ಮಾಡಿದರೆ ನಷ್ಟ ಶೇ. 1ರ ಹತ್ತಿರಕ್ಕೆ ಇಳಿಯುತ್ತದೆ. ಈ ಮೂಲೆಗಳು ಇನ್ನೊಂದು ಕೇಡನ್ನೂ ಮಾಡುತ್ತವೆ, ಅದನ್ನು ಕೆಳಗೆ ಹೇಳುತ್ತೇನೆ.

ಸ್ಟಿಫ್‌ನೆಸ್ ಒಂದೇ ಸಲ ಆರನೇ ಒಂದು ಭಾಗಕ್ಕೆ ಇಳಿದಿದ್ದರೆ

ಇದು ಕೈಲೆಕ್ಕದಲ್ಲಿ ಆಗುವ ತಪ್ಪು. ಕೆಲವು ಪುಸ್ತಕಗಳು ಹುರಿಯ ಕೋನವನ್ನು ಸ್ಟ್ರ್ಯಾಂಡಿನ ಉದ್ದಕ್ಕೆ ಹೋಲಿಸಿ ಅಳೆಯುತ್ತವೆ, ಕೆಲವು ಅಡ್ಡ ಸಮತಲಕ್ಕೆ ಹೋಲಿಸಿ ಅಳೆಯುತ್ತವೆ. ಮೊದಲ ರೀತಿಯಲ್ಲಿ ನಮ್ಮದು 8.44 ಡಿಗ್ರಿ, ಎರಡನೆಯದರಲ್ಲಿ 81.56. ಒಂದು ಪುಸ್ತಕದ ಸೂತ್ರಕ್ಕೆ ಇನ್ನೊಂದು ಪುಸ್ತಕದ ಕೋನ ಹಾಕಿದರೆ ಹೊರಗಿನ ಆರು ತಂತಿಗಳೂ ಲೆಕ್ಕದಿಂದ ಮಾಯವಾಗುತ್ತವೆ. ನಡುವಿನ ತಂತಿ ಮಾತ್ರ ಉಳಿಯುತ್ತದೆ. ಉತ್ತರ 2,950 ಕಿಲೋನ್ಯೂಟನ್ ಹತ್ತಿರ ಬಂದರೆ ಇದೇ ಅಂತ ತಿಳಿಯಿರಿ.

ಸರಿಯಾದ ಉತ್ತರ ಎಷ್ಟು? ಏಳೂ ತಂತಿ ನೇರವಾಗಿದ್ದರೆ ವಿಸ್ತೀರ್ಣ ಗುಣಿಸು ಮಾಡ್ಯುಲಸ್, ಅಂದರೆ 19,530 ಕಿಲೋನ್ಯೂಟನ್. ಆದರೆ ಹೊರಗಿನವು ಓರೆಯಾಗಿವೆ. ಸ್ಟ್ರ್ಯಾಂಡ್ ಹಿಗ್ಗಿದಷ್ಟು ಓರೆ ತಂತಿ ಹಿಗ್ಗುವುದಿಲ್ಲ. ಅದರಲ್ಲಿ ಹುಟ್ಟಿದ ಬಲವೂ ಪೂರ್ತಿಯಾಗಿ ಸ್ಟ್ರ್ಯಾಂಡಿನ ದಿಕ್ಕಿಗೆ ಬರುವುದಿಲ್ಲ. ಈ ಎರಡೂ ಸೇರಿ ಹೊರ ತಂತಿಗಳ ಪಾಲನ್ನು ಕೋನದ ಕೊಸೈನ್‌ನ ಘನದಿಂದ ಗುಣಿಸಬೇಕಾಗುತ್ತದೆ. ಆಗ 18,995 ಬರುತ್ತದೆ. ಎಳೆದಾಗ ತಂತಿಗಳು ತೆಳ್ಳಗಾಗಿ ಹುರಿ ಒಳಕ್ಕೆ ಕುಸಿಯುವುದನ್ನೂ ಸೇರಿಸಿದರೆ ಇನ್ನು ಶೇ. ಅರ್ಧದಷ್ಟು ಇಳಿಯುತ್ತದೆ. ಇದನ್ನು 98.7ರಿಂದ ಭಾಗಿಸಿ ನೋಡಿ: 191 ಗಿಗಾಪ್ಯಾಸ್ಕಲ್ ಚಿಲ್ಲರೆ. ಪರೀಕ್ಷೆಯ ವರದಿ ಇಲ್ಲದಾಗ ಸ್ಟ್ರ್ಯಾಂಡಿಗೆ 195 ಹಿಡಿಯಿರಿ ಎನ್ನುತ್ತದೆ ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ಕೋಡ್ ಐಎಸ್ 1343. ಒಂದು ಹಾಳೆಯ ಕೈಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂದರೆ, ದೊಡ್ಡ ಮಾಡೆಲ್ ಇದಕ್ಕಿಂತ ದೂರ ಹೋದಾಗ ನಂಬಬೇಕಾದ್ದು ಹಾಳೆಯನ್ನು.

ಸ್ಟಿಫ್‌ನೆಸ್ ಐದನೇ ಒಂದು ಭಾಗ ಕಮ್ಮಿ ಇದ್ದರೆ

ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ಮೇಲೆ ಬರುವಾಗ ಯಾರೂ ಮುಟ್ಟದೆ ತನ್ನಷ್ಟಕ್ಕೆ ತಿರುಗುತ್ತದೆ. ಹೊಸೆದ ಹಗ್ಗಕ್ಕೆ ಭಾರ ಬಿದ್ದರೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಉಕ್ಕಿನ ಸ್ಟ್ರ್ಯಾಂಡೂ ಅಷ್ಟೇ.

ಎರಡೂ ತುದಿ ತಿರುಗದಂತೆ ಹಿಡಿದರೆ ನಮ್ಮ ಸ್ಟ್ರ್ಯಾಂಡಿನ ಸ್ಟಿಫ್‌ನೆಸ್ ಸುಮಾರು 18,900. ಒಂದು ತುದಿ ಆರಾಮಾಗಿ ತಿರುಗುವಂತೆ ಬಿಟ್ಟರೆ 14,900ಕ್ಕೆ ಇಳಿಯುತ್ತದೆ. 100 ಕಿಲೋನ್ಯೂಟನ್ ಎಳೆತಕ್ಕೆ ಮೀಟರ್ ಉದ್ದದಲ್ಲಿ ಹತ್ತಿರ ಹತ್ತಿರ ಅರ್ಧ ಸುತ್ತು ತಿರುಗುತ್ತದೆ. ಇದು ಬರೀ ಲೆಕ್ಕದ ವಿಷಯ ಅಲ್ಲ. ಹೊರ ತಂತಿಗಳು ಬಿಚ್ಚಿಕೊಂಡು ಭಾರ ತಪ್ಪಿಸಿಕೊಳ್ಳುತ್ತವೆ, ಅದೆಲ್ಲ ನಡುವಿನ ತಂತಿಯ ತಲೆಗೆ ಬರುತ್ತದೆ. ಅದರ ಮೇಲಿನ ಒತ್ತಡ ಕಾಲು ಭಾಗಕ್ಕೂ ಜಾಸ್ತಿ ಏರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಮಾಡೆಲ್‌ನಲ್ಲಿ ಇದು ಆಗುವುದು ತುದಿಯ ಕಟ್ಟುಪಾಡಿನಿಂದ. ತುದಿಯ ಎಲ್ಲ ನೋಡ್‌ಗಳನ್ನೂ (ಮೆಶ್‌ನ ತುಂಡುಗಳು ಸೇರುವ ಬಿಂದುಗಳು) ಒಂದು ರೆಫರೆನ್ಸ್ ಬಿಂದುವಿಗೆ ಕಟ್ಟಿರುತ್ತೀರಿ, ಆ ಬಿಂದುವನ್ನು ಎಳೆಯುತ್ತೀರಿ, ಆದರೆ ನಡುಗೆರೆಯ ಸುತ್ತ ತಿರುಗುವುದನ್ನು ಬಿಗಿ ಮಾಡಲು ಮರೆತಿರುತ್ತೀರಿ. ಆ ಬಿಂದುವಿನ ಟಾರ್ಕ್ ಸೊನ್ನೆ ಇದೆಯಾ ನೋಡಿ. ಸೊನ್ನೆ ಇದ್ದರೆ ತುದಿ ತಿರುಗುತ್ತಿದೆ.

ಲ್ಯಾಬ್ ಕಡೆಯೂ ಇದೇ ತಪ್ಪಾಗಬಹುದು. ಕೆಳಗಿನ ಗ್ರಿಪ್ ಸ್ವಿವೆಲ್ (ತಿರುಗುವ ಕೀಲು) ಮೇಲೆ ಕೂತಿದ್ದು, ಅದರ ಲಾಕ್ ಹಾಕದೇ ಇದ್ದರೆ ನಿಮ್ಮ ಮಾಡೆಲ್ ಸರಿ ಇದ್ದೂ ತಪ್ಪು ಅನ್ನಿಸುತ್ತದೆ. ಪರೀಕ್ಷೆಗೆ ಮುಂಚೆ ಗ್ರಿಪ್‌ನಿಂದ ಗ್ರಿಪ್‌ವರೆಗೆ ಸ್ಟ್ರ್ಯಾಂಡಿನ ಮೇಲೆ ಬಿಳಿ ಬಣ್ಣದ ಒಂದು ನೇರ ಗೆರೆ ಎಳೆಯಿರಿ. ಭಾರ ಏರಿದಂತೆ ಗೆರೆ ವಾಲಿದರೆ ಉತ್ತರ ಸಿಕ್ಕಿತು.

ಸ್ಟಿಫ್‌ನೆಸ್ ಸರಿ ಇದೆ, ಟಾರ್ಕ್ ತಪ್ಪು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಾನು ಎರಡು ವಾರ ಕಳೆದದ್ದು ಇಲ್ಲೇ.

ಮಾಡೆಲ್‌ನ ಎಳೆತದ ಗ್ರಾಫ್ ಲ್ಯಾಬಿನ ಗ್ರಾಫ್ ಮೇಲೆ ಕೂತಿತ್ತು. ವ್ಯತ್ಯಾಸ ಶೇ. 1ಕ್ಕಿಂತ ಕಮ್ಮಿ. ವರದಿ ಬರೆಯಲು ಶುರು ಮಾಡಿದ್ದೆ. ಕೆಳಗಿನ ಗ್ರಿಪ್ ಅಡಿಯಲ್ಲಿ ಒಂದು ಟಾರ್ಕ್ ಸೆಲ್ ಇತ್ತು, ಅದರ ಅಂಕಿಗಳನ್ನು ಸುಮ್ನೆ ಪಕ್ಕಕ್ಕಿಟ್ಟಿದ್ದೆ. ಕೊನೆಗೆ ನೋಡಿದರೆ 100 ಕಿಲೋನ್ಯೂಟನ್‌ಗೆ ಯಂತ್ರ 51 ನ್ಯೂಟನ್ ಮೀಟರ್ ತೋರಿಸಿತ್ತು, ನನ್ನ ಮಾಡೆಲ್ 44. ಸೆಲ್‌ನ ಕ್ಯಾಲಿಬ್ರೇಶನ್ ಮೇಲೆ ಅನುಮಾನ ಬಂತು, ಮತ್ತೆ ಮಾಡಿಸಿದೆ. ಸರಿಯಾಗಿಯೇ ಇತ್ತು. ಮೆಶ್ ಸಣ್ಣದು ಮಾಡಿದೆ. ಘರ್ಷಣೆ ಬದಲಿಸಿದೆ. 44 ಕದಲಲಿಲ್ಲ.

ಪಿಚ್ ಅಳೆಯುವ ಹಳೆಯ ವಿಧಾನ ಒಂದಿದೆ. ಸ್ಟ್ರ್ಯಾಂಡಿನ ಉದ್ದಕ್ಕೂ ತೆಳು ಕಾಗದ ಸುತ್ತಿ, ಅದರ ಮೇಲೆ ಪೆನ್ಸಿಲನ್ನು ಮಲಗಿಸಿ ತಿಕ್ಕಿದರೆ ಪ್ರತಿ ತಂತಿಯ ಉಬ್ಬೂ ಒಂದು ಓರೆ ಗುರುತಾಗಿ ಬೀಳುತ್ತದೆ. ಒಂದು ಗುರುತಿನಿಂದ ಹೊರಟು ಅದೇ ತಂತಿ ಮತ್ತೆ ಬರುವವರೆಗಿನ ದೂರ ಪಿಚ್. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬರು ನನ್ನ ಕಾಗದ ಕೈಗೆ ತೆಗೆದುಕೊಂಡು, ಉಗುರಿನಿಂದ ಒಂದೊಂದೇ ಸಂದು ಮುಟ್ಟುತ್ತಾ ಹೋದರು. ಆಮೇಲೆ ಕೇಳಿದರು: "ಸರ್, ಹೊರಗೆ ಇರೋದು ಆರು ತಂತಿ ಅಲ್ವಾ? ನೀವು ಏಳು ಸಂದು ಎಣಿಸಿದ್ದೀರಲ್ಲ."

ಏಳು ತಂತಿಯ ಸ್ಟ್ರ್ಯಾಂಡ್ ಅಂತ ಬಾಯಲ್ಲಿ ಹೇಳಿ ಹೇಳಿ, ಕಾಗದದ ಮೇಲೂ ಏಳು ಎಣಿಸಿದ್ದೆ. ಏಳನೆಯ ತಂತಿ ಒಳಗಿದೆ, ಅದು ಕಾಗದವನ್ನು ಮುಟ್ಟುವುದೇ ಇಲ್ಲ. 180 ಇರಬೇಕಾದ ಪಿಚ್ ನನ್ನ ಪುಸ್ತಕದಲ್ಲಿ 210 ಆಗಿತ್ತು.

ಎಳೆತದಲ್ಲಿ ಇದು ಯಾಕೆ ಕಾಣಲಿಲ್ಲ? ಸಣ್ಣ ಕೋನದಲ್ಲಿ ಕೊಸೈನ್ ಹೆಚ್ಚು ಬದಲಾಗುವುದಿಲ್ಲ. 180ರ ಬದಲು 210 ಹಾಕಿದರೆ ಸ್ಟಿಫ್‌ನೆಸ್ ಏರುವುದು ಬರೀ ಶೇ. 0.7. ಟಾರ್ಕ್ ಹುಟ್ಟುವುದು ಸೈನ್‌ನಿಂದ. ಸೈನ್ ಕೋನದ ಜೊತೆ ನೇರವಾಗಿ ಓಡುತ್ತದೆ. ಅದೇ ತಪ್ಪಿಗೆ ಟಾರ್ಕ್ ಶೇ. 13ರಿಂದ 14 ಬೀಳುತ್ತದೆ. 51 ಇದ್ದದ್ದು 44 ಆಯಿತು. ಪಿಚ್ ತಿದ್ದಿದ ಮೇಲೆ ಅದೇ ಮಧ್ಯಾಹ್ನ ಎರಡೂ ಗ್ರಾಫ್ ಕೂಡಿದವು.

ಇನ್ನೊಂದು ಎಚ್ಚರಿಕೆ ಗಂಟೆಯನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ಐಎಸ್ 14268 ಪ್ರಕಾರ ಪಿಚ್ ಸ್ಟ್ರ್ಯಾಂಡಿನ ವ್ಯಾಸದ 12ರಿಂದ 16 ಪಟ್ಟು ಒಳಗೆ ಇರಬೇಕು. 12.7ಕ್ಕೆ ಅದು 152ರಿಂದ 203 ಮಿ.ಮೀ. ನನ್ನ 210 ಆ ಬೇಲಿಯ ಹೊರಗೇ ಇತ್ತು. ಅಳತೆ ಬರೆದುಕೊಂಡ ತಕ್ಷಣ ಈ ಒಂದು ಗುಣಾಕಾರ ಮಾಡಿ. ಒಂದೇ ಪಿಚ್ ಅಳೆಯುವ ಬದಲು ಐದು ಪಿಚ್, ಅಂದರೆ ಮೂವತ್ತು ಸಂದು ಅಳೆದು ಭಾಗಿಸಿದರೆ ಸ್ಕೇಲಿನ ತಪ್ಪೂ ಕರಗುತ್ತದೆ.

ಟಾರ್ಕ್ ಶೇ. 13ರಷ್ಟು ತಪ್ಪದೆ, ಚಿಹ್ನೆ ಮಾತ್ರ ತಿರುಗಿದ್ದರೆ ಎಡಹುರಿಯನ್ನು ಬಲಹುರಿ ಮಾಡಿದ್ದೀರಿ, ಅಷ್ಟೇ.

ಗ್ರಾಫಿನ ಆರಂಭ ಮೆತ್ತಗಿದ್ದರೆ

ಗ್ರಾಫ್ ಸೊನ್ನೆಯಿಂದ ನೇರವಾಗಿ ಏಳದೆ, ಮೊದಲು ಸ್ವಲ್ಪ ಮಲಗಿ ಆಮೇಲೆ ಏಳುತ್ತದೆ. ಇದು ಲ್ಯಾಬಿನಲ್ಲಿ ಇದ್ದು ಮಾಡೆಲ್‌ನಲ್ಲಿ ಇಲ್ಲದಿದ್ದರೆ ಹೆಚ್ಚಾಗಿ ತಪ್ಪು ಯಾರದ್ದೂ ಅಲ್ಲ. ಹೊಸ ಸ್ಟ್ರ್ಯಾಂಡಿನ ತಂತಿಗಳು ಒಂದರ ಮೇಲೊಂದು ಪೂರ್ತಿ ಕೂತಿರುವುದಿಲ್ಲ, ಮೊದಲ ಭಾರ ಅವನ್ನು ಕೂರಿಸುತ್ತದೆ. ಗ್ರಿಪ್‌ನ ವೆಡ್ಜ್‌ಗಳೂ ಒಳಕ್ಕೆ ಜಾರುತ್ತವೆ. ಹಿಗ್ಗುವಿಕೆಯನ್ನು ಯಂತ್ರದ ತಲೆಯ ಚಲನೆಯಿಂದ ಅಳೆದಿದ್ದರೆ ಆ ಜಾರುವಿಕೆಯೆಲ್ಲ ಸ್ಟ್ರ್ಯಾಂಡಿನ ಲೆಕ್ಕಕ್ಕೆ ಬಿದ್ದಿರುತ್ತದೆ. ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಸ್ಟ್ರ್ಯಾಂಡಿನ ಮೇಲೆಯೇ ಕೂರಬೇಕು. ಒಂದು ಸಲ ಏರಿಸಿ, ಇಳಿಸಿ, ಎರಡನೆಯ ಸಲದ ಗ್ರಾಫನ್ನು ಹೋಲಿಕೆಗೆ ತೆಗೆದುಕೊಳ್ಳಿ.

ಮಾಡೆಲ್‌ನಲ್ಲೇ ಆರಂಭ ಮೆತ್ತಗಿದ್ದರೆ ನಡುವಿನ ತಂತಿಗೂ ಹೊರಗಿನದಕ್ಕೂ ಮಧ್ಯೆ ಗ್ಯಾಪ್ ಇದೆ. ಹೊರ ತಂತಿಗಳು ಆ ಗ್ಯಾಪ್ ಮುಚ್ಚುವವರೆಗೆ ಒಳಕ್ಕೆ ಸರಿಯುತ್ತವೆ, ಭಾರ ಹೊರುವುದಿಲ್ಲ. ಎಷ್ಟು ಹಿಗ್ಗುವವರೆಗೆ ಹೀಗೆ ಎಂಬುದಕ್ಕೆ ಸುಲಭದ ಲೆಕ್ಕವಿದೆ: ಗ್ಯಾಪನ್ನು 4.25ರಿಂದ ಭಾಗಿಸಿ, ಹುರಿ ಕೋನದ ಟ್ಯಾನ್‌ನ ವರ್ಗದಿಂದ ಗುಣಿಸಿ. 0.1 ಮಿ.ಮೀ. ಗ್ಯಾಪ್‌ಗೆ ಸ್ಟ್ರೇನ್, ಅಂದರೆ ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು, ಶೇ. 0.05. ಅಷ್ಟು ಹಿಗ್ಗುವವರೆಗೂ ನಡುವಿನ ತಂತಿಯೊಂದೇ ಸುಮಾರು ಒಂದೂವರೆ ಕಿಲೋನ್ಯೂಟನ್ ಹೊತ್ತು ನಿಂತಿರುತ್ತದೆ. ನಿಮ್ಮ ಗ್ರಾಫಿನ ಮಲಗಿದ ಭಾಗದ ಉದ್ದ ನೋಡಿ, ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿದರೆ ಗ್ಯಾಪ್ ಎಷ್ಟಿದೆ ಅಂತ ಹೊರಬೀಳುತ್ತದೆ.

ಚಿತ್ರದಲ್ಲಿ ಗ್ಯಾಪ್ ಇಟ್ಟಿಲ್ಲವಲ್ಲ, ಎಲ್ಲಿಂದ ಬಂತು ಅಂತ ಕೇಳಬಹುದು. ಮೆಶ್‌ನ ಮೂಲೆಗಳಿಂದ. 4.20 ಮಿ.ಮೀ. ತಂತಿಯನ್ನು 12 ಭಾಗ ಮಾಡಿದರೆ ಪ್ರತಿ ಚಪ್ಪಟೆ ಅಂಚಿನ ನಡುವೆ ಮೇಲ್ಮೈ 0.07 ಮಿ.ಮೀ. ಒಳಗೆ ಹೋಗಿರುತ್ತದೆ. ಎರಡು ತಂತಿಯ ಚಪ್ಪಟೆ ಭಾಗಗಳು ಎದುರುಬದುರಾದರೆ ಅದು ಎರಡು ಪಟ್ಟು. ತೂಕದ ಪರೀಕ್ಷೆಯಲ್ಲಿ 740 ಗ್ರಾಂ ಬಂದವರಿಗೆ ಈ ತೊಂದರೆ ಇದ್ದೇ ಇರುತ್ತದೆ.

ಇದಕ್ಕೆ ತದ್ವಿರುದ್ಧ ತೊಂದರೆ, ಭಾರವೇ ಹಾಕದೆ ಕಾಂಟ್ಯಾಕ್ಟ್ ಬಲ ಕಾಣುವುದು. ಆಗ ಹೊರ ತಂತಿಗಳು ಒಂದಕ್ಕೊಂದು ತಾಗಿ, ಒಂದರೊಳಗೊಂದು ಹೊಕ್ಕಿವೆ. ಏಳೂ ತಂತಿ ಒಂದೇ ದಪ್ಪ ಇಟ್ಟವರಿಗೆ ಹೀಗಾಗುತ್ತದೆ. ನೇರ ಕಡ್ಡಿಗಳಾದರೆ ಒಂದರ ಸುತ್ತ ಆರು ಸರಿಯಾಗಿ ಕೂರುತ್ತವೆ. ಓರೆಯಾದ ಕೂಡಲೇ ಪ್ರತಿಯೊಂದೂ ಮೊಟ್ಟೆಯಾಕಾರವಾಗಿ ಹೆಚ್ಚು ಜಾಗ ಕೇಳುತ್ತದೆ. ನಮ್ಮ ಕೋನಕ್ಕೆ ನಡುವಿನ ತಂತಿ ಹೊರಗಿನದಕ್ಕಿಂತ ಕನಿಷ್ಠ ಶೇ. 1.6 ದಪ್ಪ ಇರಬೇಕು, ಅಂದರೆ 4.27. ನಮ್ಮದು 4.30, ತೊಂದರೆ ಇಲ್ಲ. ಐಎಸ್ 14268 ಕೂಡ ನಡುವಿನ ತಂತಿ ಕನಿಷ್ಠ ಶೇ. 1.5 ದಪ್ಪ ಇರಬೇಕು ಎನ್ನುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿ ಎರಡು ಸಂಖ್ಯೆ ಅಕ್ಕಪಕ್ಕ ಬಂದಾಗ ನನಗೆ ನಿಜವಾಗಿ ಖುಷಿಯಾಯಿತು. ಕೋಡ್ ಪುಸ್ತಕದ ಒಂದು ಒಣ ಸಾಲಿನ ಹಿಂದೆ ಇಷ್ಟು ಚೆಂದದ ರೇಖಾಗಣಿತ ಇದೆ.

ಗ್ರಾಫಿನ ಕೊನೆಯ ಭಾಗ ಬಾಗದೆ ನೇರ ಹೋದರೆ

ಉಕ್ಕಿನ ಎಲಾಸ್ಟಿಕ್ ಗುಣ (ಭಾರ ತೆಗೆದರೆ ಮೊದಲಿನಂತಾಗುವುದು) ಮಾತ್ರ ಕೊಟ್ಟಿದ್ದೀರಿ. ತಂತಿಯನ್ನೇ ಬಿಡಿಯಾಗಿ ಎಳೆದು ಸಿಕ್ಕ ಪೂರ್ತಿ ಗ್ರಾಫನ್ನು ಮಾಡೆಲ್‌ಗೆ ಕೊಡಿ. 12.7ರ ಎರಡನೇ ಕ್ಲಾಸ್ ಸ್ಟ್ರ್ಯಾಂಡ್ ಮುರಿಯಬೇಕಾದ್ದು 183.7 ಕಿಲೋನ್ಯೂಟನ್ ಅಥವಾ ಅದಕ್ಕಿಂತ ಮೇಲೆ. ಮಾಡೆಲ್ 250ರವರೆಗೂ ಸಲೀಸಾಗಿ ಏರಿದರೆ ಅದು ಬರೀ ಗಣಿತ, ಉಕ್ಕಲ್ಲ. ಒತ್ತಡವನ್ನು ಓದುವಾಗ ತುದಿಯ ಹತ್ತಿರ ಓದಬೇಡಿ, ಅಲ್ಲಿ ಕಟ್ಟುಪಾಡಿನ ಗಲಾಟೆ ಇರುತ್ತದೆ. ಒಂದು ಪಿಚ್‌ಗಿಂತ ಗಿಡ್ಡ ಮಾಡೆಲ್ ಕಟ್ಟಿದವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಬಾಗಿಸಿದಾಗ ಉತ್ತರ ಎಂಟು ಪಟ್ಟು ತಪ್ಪಿದರೆ

ಇಲ್ಲಿಗೆ ಬಂದ ಮೇಲೆ ಘರ್ಷಣೆಯ ಸಂಖ್ಯೆ ಮುಟ್ಟಬಹುದು. ಬಾಗುವಿಕೆಯಲ್ಲಿ ಎಲ್ಲ ನಿರ್ಧಾರ ಅದರದ್ದೇ.

ಏಳು ತಂತಿಗಳು ಒಂದರ ಮೇಲೊಂದು ಆರಾಮಾಗಿ ಜಾರಿದರೆ ಸ್ಟ್ರ್ಯಾಂಡಿನ ಬಾಗುವ ಸ್ಟಿಫ್‌ನೆಸ್ ಏಳು ಬಿಡಿ ತಂತಿಗಳದ್ದು ಕೂಡಿಸಿದಷ್ಟು. ಒಂದಕ್ಕೊಂದು ಅಂಟಿಕೊಂಡು ಒಂದೇ ಸಲಾಕೆಯಂತೆ ಬಾಗಿದರೆ 55 ತಂತಿಗಳಷ್ಟು. ತಂತಿ ಎಲ್ಲ ಒಂದೇ ದಪ್ಪ, ಹುರಿ ಇಲ್ಲ ಅಂತ ಇಟ್ಟುಕೊಂಡ ಸರಳ ಲೆಕ್ಕ ಇದು. 55 ಭಾಗಿಸು 7, ಹತ್ತಿರ ಹತ್ತಿರ 8. ನಿಜವಾದ ಸ್ಟ್ರ್ಯಾಂಡ್ ಈ ಎರಡರ ನಡುವೆ ಓಡಾಡುತ್ತದೆ. ಸ್ವಲ್ಪ ಬಾಗಿದಾಗ ಘರ್ಷಣೆ ತಂತಿಗಳನ್ನು ಹಿಡಿದಿರುತ್ತದೆ, ಸ್ಟ್ರ್ಯಾಂಡ್ ಗಟ್ಟಿ. ಜಾಸ್ತಿ ಬಾಗಿಸಿದರೆ ತಂತಿಗಳು ಜಾರುತ್ತವೆ, ಮೆತ್ತಗಾಗುತ್ತದೆ. ಎಳೆತ ಹೆಚ್ಚಿದ್ದಷ್ಟೂ ಹೊರ ತಂತಿಗಳು ನಡುವಿನದನ್ನು ಬಿಗಿಯಾಗಿ ಅಮುಕುತ್ತವೆ, ಜಾರುವುದು ತಡವಾಗುತ್ತದೆ. ವಿದ್ಯುತ್ ಲೈನಿನ ತಂತಿಗಳಿಗೆ ಈ ಅಂಟು-ಜಾರು ಲೆಕ್ಕವನ್ನು ಪಾಪಾಯಿಲಿಯು ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದರು. ಗಾಳಿಗೆ ಅದುರುವ ಲೈನಿನ ಬಾಳಿಕೆ ಲೆಕ್ಕ ಹಾಕುವವರಿಗೆ ಇದು ಬೇಕೇ ಬೇಕು.

ಹಾಗಾಗಿ ಬಾಗುವ ಪರೀಕ್ಷೆಯಿಂದ ಒಂದೇ ಸ್ಟಿಫ್‌ನೆಸ್ ಸಂಖ್ಯೆ ತೆಗೆದು ಮಾಡೆಲ್‌ಗೆ ಹಾಕಿದ್ದರೆ ಅಲ್ಲೇ ತಪ್ಪು. ಎಷ್ಟು ಎಳೆತದಲ್ಲಿ, ಎಷ್ಟು ಬಾಗಿಸಿದಾಗ ಸಿಕ್ಕ ಸಂಖ್ಯೆ ಅದು ಅಂತ ಕೇಳಿ. ಮಾಡೆಲನ್ನು ಎರಡು ತುದಿಯಲ್ಲಿ ಪರೀಕ್ಷಿಸಿ. ಘರ್ಷಣೆ ಸೊನ್ನೆ ಮಾಡಿದರೆ 7ರ ಉತ್ತರ ಬರಬೇಕು, ತಂತಿಗಳನ್ನು ಅಂಟಿಸಿಬಿಟ್ಟರೆ 55ರ ಉತ್ತರದ ಹತ್ತಿರ ಬರಬೇಕು. ಈ ಎರಡೂ ಬಾರದಿದ್ದರೆ ನಡುವಿನ ಯಾವ ಉತ್ತರವನ್ನೂ ನಂಬಬೇಡಿ. ಬಂದರೆ, ಸ್ಟ್ರ್ಯಾಂಡನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬಾಗಿಸಿ, ಲ್ಯಾಬಿನ ಗ್ರಾಫ್ ಸುತ್ತಿ ಬರುವ ಕುಣಿಕೆಯ ಅಗಲಕ್ಕೆ ಮಾಡೆಲ್‌ನ ಕುಣಿಕೆ ಹೊಂದುವವರೆಗೆ ಘರ್ಷಣೆಯನ್ನು ತಿದ್ದಿ. ಎಳೆತ ಬದಲಿಸಿ ಇನ್ನೆರಡು ಕುಣಿಕೆ ತೆಗೆಯಿರಿ. ಅದೇ ಸಂಖ್ಯೆ ಮೂರಕ್ಕೂ ಹೊಂದಿದರೆ, ಅದು ನಿಮ್ಮ ಸ್ಟ್ರ್ಯಾಂಡಿನ ಘರ್ಷಣೆ.